ಹೊಂಡ ನಮ್ಮದು, ಮೇವಿನ ದರ ಯಾರದ್ದು?



ಹೊಂಡದಲ್ಲಿ ಮೀನು ಬಿಡಿ, ಸಾಲ ತೀರುತ್ತೆ ಅನ್ನೋ ಭಾಷಣ ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. 2014ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡ ತೋಡಿದೆವು. 2018-19ರ ಕೇಂದ್ರ ಬಜೆಟ್ಟು ಮೀನು ಸಾಕುವವರಿಗೂ ಕಿಸಾನ್ ಕ್ರೆಡಿಟ್ ಕಾರ್ಡು ಅಂತು. ಹೊಂಡ ಬಂತು, ಸಾಲವೂ ಬಂತು. ಆ ಸಾಲದ ದುಡ್ಡು ಹೋಗೋದು ಎಲ್ಲಿಗೆ? ಮೇವು ಕೊಂಡು ಹಾಕುವ ಸಾಕಣೆಯಲ್ಲಿ ಖರ್ಚಿನ ಅರ್ಧಕ್ಕಿಂತ ಹೆಚ್ಚು ಪಾಲು ಮೇವಿನದು. ಬ್ಯಾಂಕಿನಿಂದ ತಂದ ಹಣ ನಮ್ಮ ಜೇಬಿನಲ್ಲಿ ಒಂದು ರಾತ್ರಿಯೂ ಮಲಗದೆ ಮೇವಿನ ಅಂಗಡಿ ಸೇರುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಕೆಜಿ ಮೀನಿಗೆ 2 ಕೆಜಿ ಮೇವು ಬೇಕಾಯಿತು, ಮೇವು ಕೆಜಿಗೆ 40 ರೂಪಾಯಿ ಅಂತಿಟ್ಟುಕೊಳ್ಳಿ. ಮೇವಿಗೇ 80 ರೂಪಾಯಿ. ಮರಿ, ಕಾವಲು, ಬಡ್ಡಿ ಬೇರೆ. ದಂಡೆಗೆ ಬಂದ ವ್ಯಾಪಾರಿ 100 ರೂಪಾಯಿಗೆ ಮೀನು ಕೇಳಿದರೆ ಉಳಿಯೋದೇನು? ಮೀನಿನ ದರ ಅವನು ಹೇಳ್ತಾನೆ, ಮೇವಿನ ದರ ಕಂಪನಿ ಹೇಳುತ್ತೆ. ನಡುವೆ ಬಾಯಿ ಮುಚ್ಚಿ ನಿಲ್ಲುವವನು ರೈತ.

ಕಾಟ್ಲಾ, ರೋಹು, ಮೃಗಾಲ್ ಮೀನುಗಳಿಗೆ ವಾಡಿಕೆಯ ಮೇವು ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು, ಸಮಪಾಲು. ಕಾಯಿ ಬೆಳೆದವರು ನಾವು, ಭತ್ತ ಬೆಳೆದವರೂ ನಾವು. ಸುಗ್ಗಿಯಲ್ಲಿ ಅಗ್ಗಕ್ಕೆ ಮಾರಿದ್ದನ್ನೇ ಹಿಂಡಿಯಾಗಿ ದುಬಾರಿಗೆ ಕೊಳ್ಳುತ್ತೇವೆ. ಇದು ಯಾವ ನ್ಯಾಯ?

ರೇಷ್ಮೆ ಸೀಮೆಯವರು ಇನ್ನೊಂದು ಮಾತು ಗಮನಿಸಬೇಕು. ರಾಮನಗರ, ಶಿಡ್ಲಘಟ್ಟಕ್ಕೆ ನಾವು ಹೊರುವ ಹಸಿ ಗೂಡಿನ ತೂಕದಲ್ಲಿ 5ರಲ್ಲಿ ಸುಮಾರು 4 ಪಾಲು ಒಳಗಿನ ಪ್ಯೂಪಾ ಹುಳು. ನೂಲು ಬಿಚ್ಚಿದ ಮೇಲೆ ಅದು ಮೂಗು ಮುಚ್ಚಿಕೊಳ್ಳುವ ಕಸ. ಆದರೆ ಒಣಗಿಸಿದ ಪ್ಯೂಪಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರೋಟೀನು. ಎಣ್ಣೆ ತೆಗೆಯದ ಪ್ಯೂಪಾವನ್ನೇ ಮೀನುಪುಡಿಯ ಬದಲು ಸಾಮಾನ್ಯ ಗೆಂಡೆಗೆ ಹಾಕಬಹುದೆಂಬ ನಮ್ಮ ರಾಜ್ಯದ ಸಂಶೋಧನೆ 1990ರಷ್ಟು ಹಿಂದೆಯೇ ಪ್ರಕಟವಾಗಿದೆ. ಅದು ಹೊಂಡದ ದಂಡೆಗೆ ಯಾಕೆ ಬರಲಿಲ್ಲ?

ಹಾಗಂತ ಕಣ್ಣುಮುಚ್ಚಿ ಸುರಿಯಬೇಡಿ. ಪ್ಯೂಪಾದಲ್ಲಿ ಎಣ್ಣೆ ಬಹಳ, ಬೇಗ ಕಮಟುತ್ತದೆ. ಅಂದಂದೇ ಒಣಗಿಸಬೇಕು. ಅತಿಯಾದರೆ ಮೀನಿಗೂ ವಾಸನೆ ಹತ್ತುತ್ತದೆ. ಮೊದಲು ಹಿಂಡಿಯ ಕಾಲು ಪಾಲು ಮಾತ್ರ ಬದಲಿಸಿ, ತಿಂಗಳಿಗೊಮ್ಮೆ ಬಲೆ ಎಳೆದು ತೂಕ ನೋಡಿ. ಅಜೋಲಾ ಬೆಳೆಯುವವರು ನೆನಪಿಡಿ, ಹಸಿ ಅಜೋಲಾದಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಪಾಲು ನೀರೇ. ಹುಲ್ಲುಗೆಂಡೆ ಅದನ್ನು ತಿನ್ನುತ್ತೆ, ಕಾಟ್ಲಾ ಅದನ್ನು ನಂಬಿ ಬೆಳೆಯೋದಿಲ್ಲ. ಸಗಣಿ ಗೊಬ್ಬರ ಹಾಕಿದರೆ ನೀರಲ್ಲೇ ಸೂಕ್ಷ್ಮಜೀವಿ ಬೆಳೆದು ಮೀನಿಗೆ ಆಹಾರವಾಗುತ್ತೆ, ಹೆಚ್ಚಾದರೆ ಬೆಳಗಿನ ಜಾವ ಉಸಿರಿಲ್ಲದೆ ಮೀನು ತೇಲುತ್ತೆ. ನಿಮ್ಮ ಮೈಯ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ದುಡಿಮೆ ಬಿಟ್ಟಿಯಲ್ಲ.

ಒಬ್ಬೊಬ್ಬರೇ ಪ್ಯೂಪಾ ಕೇಳಲು ಹೋದರೆ ನಾಳೆ ಅದಕ್ಕೂ ದಲ್ಲಾಳಿ ಹುಟ್ಟುತ್ತಾನೆ. ಊರಿನ ಹತ್ತು ಹೊಂಡದವರು ಒಟ್ಟಾಗಿ ಕೊಳ್ಳಿ, ಒಟ್ಟಾಗಿ ಒಣಗಿಸಿ. ನೂಲು ಬಿಚ್ಚುವ ಊರುಗಳಲ್ಲಿ ಒಣಗಿಸುವ, ಎಣ್ಣೆ ತೆಗೆಯುವ ಘಟಕ ಕೊಡಿ ಎಂದು ಸರ್ಕಾರವನ್ನು ಕೇಳೋಣ. ಮೀನಿಗೂ ಖರ್ಚಿನ ಮೇಲೆ ಕಟ್ಟಿದ ವೈಜ್ಞಾನಿಕ ಬೆಲೆ ಕೇಳೋಣ.

ಸಾಲ ಕೊಡುವವರಿಗೆ ಅವಸರ ಇರುತ್ತೆ. ಲೆಕ್ಕ ಹಾಕೋ ತಾಳ್ಮೆ ನಮಗಿರಲಿ.