ಬೆರಳು ಬೆಸೆದು ಹುಟ್ಟಿದವರು

ಆ ಅವಳಿ ಹೆಣ್ಣುಮಕ್ಕಳು ಕೈಕೈ ಹಿಡಿದುಕೊಂಡೇ ಹುಟ್ಟಿದರಂತೆ. ಬೆಸೆದ ಬೆರಳುಗಳನ್ನು ವೈದ್ಯರು ಬಿಡಿಸಬೇಕಾಯಿತು. ಎಡ್ವೀಜ್ ಡಾಂಟಿಕಾ ಅವರ 'ಅನ್‌ಟ್ವೈನ್' ಎಂಬ ಇಂಗ್ಲಿಷ್ ಕಾದಂಬರಿಯ ಹೆಸರಿಗೂ ಇದೇ ಅರ್ಥ: ಹೆಣೆದುಕೊಂಡದ್ದನ್ನು ಬಿಡಿಸುವುದು. 2015ರಲ್ಲಿ ಪ್ರಕಟವಾದ ಈ ಪುಸ್ತಕ ಹದಿಹರೆಯದವರಿಗಾಗಿ ಬರೆದದ್ದು. ಆದರೆ ತಂದೆತಾಯಂದಿರೂ ಓದಬೇಕಾದದ್ದು.

ಕಥೆ ನಡೆಯುವುದು ಅಮೆರಿಕದ ಮಯಾಮಿ ನಗರದಲ್ಲಿ. ಬೋಯರ್ ಕುಟುಂಬದ ಮೂಲ ಕೆರಿಬಿಯನ್ ಸಮುದ್ರದ ಹೈಟಿ. ಗುಲಾಮರೇ ದಂಗೆಯೆದ್ದು, ಫ್ರೆಂಚರನ್ನು ಸೋಲಿಸಿ 1804ರಲ್ಲಿ ಸ್ವತಂತ್ರಗೊಳಿಸಿಕೊಂಡ ನಾಡು ಅದು. ಹದಿನಾರರ ಜಿಸೆಲ್ ಮತ್ತು ಇಸಬೆಲ್ ನೋಡಲು ಒಂದೇ ಅಚ್ಚು. ಒಬ್ಬಳಿಗೆ ಚಿತ್ರಕಲೆಯ ಒಲವು, ಇನ್ನೊಬ್ಬಳಿಗೆ ಸಂಗೀತದ ಹುಚ್ಚು. ಅಪ್ಪ ಅಮ್ಮ ಬೇರೆಯಾಗುವ ಹಂತದಲ್ಲಿದ್ದಾರೆ. ಒಂದು ಸಂಜೆ ನಾಲ್ವರೂ ಇಸಬೆಲ್‌ಳ ಶಾಲೆಯ ಸಂಗೀತ ಕಾರ್ಯಕ್ರಮಕ್ಕೆ ಹೊರಟಾಗ ಇನ್ನೊಂದು ವಾಹನ ಬಂದು ಅವರ ಕಾರಿಗೆ ಅಪ್ಪಳಿಸುತ್ತದೆ.

ಕಥೆ ಹೇಳುವವಳು ಜಿಸೆಲ್. ಅವಳು ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಳೆ. ಎಲ್ಲವೂ ಕೇಳಿಸುತ್ತದೆ, ಬಾಯಿ ಮಾತ್ರ ಬಾರದು. ಸುತ್ತ ನಿಂತವರು ಅವಳನ್ನು 'ಇಸಬೆಲ್' ಎಂದು ಕರೆಯುತ್ತಿದ್ದಾರೆ. ನಿಜವಾದ ಇಸಬೆಲ್ ಉಳಿದಿಲ್ಲ. ತಾನು ಯಾರೆಂದು ಹೇಳಿಕೊಳ್ಳಲೂ ಆಗದೆ ಮಲಗಿರುವ ಹುಡುಗಿಯ ಸಂಕಟ ಈ ಕಾದಂಬರಿಯ ಜೀವ.

ಮಕ್ಕಳನ್ನು ಒಬ್ಬರೊಡನೆ ಒಬ್ಬರನ್ನು ಹೋಲಿಸುವ ಅಭ್ಯಾಸ ಯಾವ ನಾಡಿನ ಮನೆಗಳಿಗೂ ಹೊಸದಲ್ಲ. ಪ್ರತಿ ಮಗುವನ್ನೂ ಅದರ ಹೆಸರಿನಿಂದಲೇ, ಅದರ ಗುಣದಿಂದಲೇ ಗುರುತಿಸುವುದು ಎಷ್ಟು ದೊಡ್ಡ ವಿಷಯವೆಂಬುದು ಈ ಪುಟಗಳನ್ನು ಓದಿದಾಗ ಮನಸ್ಸಿಗೆ ತಟ್ಟುತ್ತದೆ. ಬದುಕುಳಿದ ಮಗಳ ಮುಖದಲ್ಲೇ ಕಳೆದುಕೊಂಡ ಮಗಳ ಮುಖವೂ ಕಾಣುವಾಗ ಹೆತ್ತವರು ಏನು ಮಾಡಬೇಕು? ಕನ್ನಡಿ ನೋಡಿದಾಗಲೆಲ್ಲ ಜೊತೆಗಾತಿ ಕಾಣುವಾಗ ಆ ಹುಡುಗಿ ಏನು ಮಾಡಬೇಕು?

ಲೇಖಕಿ ಸುಲಭದ ಉತ್ತರ ಕೊಡುವುದಿಲ್ಲ. ಬಂಧುಗಳು ಬಂದು ನಿಲ್ಲುತ್ತಾರೆ. ಹೈಟಿಯಿಂದ ಅಜ್ಜ ಅಜ್ಜಿಯೂ ಬರುತ್ತಾರೆ. ಯಾರೂ ದುಃಖವನ್ನು ಅಳಿಸಲಾರರು, ಹಂಚಿಕೊಳ್ಳಬಲ್ಲರು ಅಷ್ಟೆ. ಇತ್ತ ಡಿಕ್ಕಿ ಹೊಡೆದ ವಾಹನದಲ್ಲಿದ್ದವಳು ಇವರದೇ ಶಾಲೆಯ ಹುಡುಗಿ. ಅದು ಅಪಘಾತವೋ, ಬೇಕೆಂದೇ ಮಾಡಿದ್ದೋ ಎಂಬ ಅನುಮಾನ ಏಳುತ್ತದೆ. ದುಃಖದಲ್ಲಿದ್ದಾಗ ಯಾರ ಮೇಲಾದರೂ ತಪ್ಪು ಹೊರಿಸಬೇಕೆನಿಸುವುದು ಸಹಜ. ಆ ಸಿಟ್ಟನ್ನು ದಾಟುವುದು ಎಷ್ಟು ಕಷ್ಟವೆಂಬುದನ್ನು ಕಾದಂಬರಿ ಮುಚ್ಚಿಡುವುದಿಲ್ಲ.

ಅಗಲಿಕೆಯ ನೋವು ಡಾಂಟಿಕಾ ಅವರಿಗೆ ಬಾಲ್ಯದಲ್ಲೇ ಪರಿಚಯ. 1969ರಲ್ಲಿ ಹೈಟಿಯ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನಲ್ಲಿ ಹುಟ್ಟಿದ ಅವರಿಗೆ ಎರಡು ವರ್ಷವಾಗಿದ್ದಾಗ ತಂದೆ, ನಾಲ್ಕಾದಾಗ ತಾಯಿ ದುಡಿಮೆಗಾಗಿ ನ್ಯೂಯಾರ್ಕಿಗೆ ಹೋದರು. ದೊಡ್ಡಪ್ಪನ ಮನೆಯಲ್ಲಿ ಬೆಳೆದು, ಹನ್ನೆರಡನೆಯ ವಯಸ್ಸಿನಲ್ಲಿ ಹೆತ್ತವರನ್ನು ಸೇರಿಕೊಂಡರು. ಸಮುದ್ರ ನಡುವೆ ಇದ್ದರೂ ಸಂಬಂಧ ಉಳಿಯುತ್ತದೆ, ಆದರೆ ತಾನಾಗಿಯೇ ಉಳಿಯುವುದಿಲ್ಲ ಎಂಬ ಅರಿವು ಅವರ ಬರಹದಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಪರೀಕ್ಷೆ ಮುಗಿದ ಮೇಲೆ ಮಕ್ಕಳು ಈ ಪುಸ್ತಕ ಓದಲಿ. ಓದಿ ಮುಗಿಸಿದ ಮೇಲೆ ಅಪ್ಪ ಅಮ್ಮನ ಕೈಗೂ ಕೊಡಲಿ. ಮನೆಯಲ್ಲಿ ಮಾತಾಗದೆ ಉಳಿದ ಒಂದೆರಡು ಸಂಗತಿಗಳಿಗೆ ಅದೇ ಪೀಠಿಕೆಯಾದೀತು.