ಶಿಲೆಗೆ ಸಂದ ಮನ್ನಣೆ ಜಲಕ್ಕೂ ಸಲ್ಲಲಿ

ನವಲಗುಂದ, ಅಣ್ಣಿಗೇರಿಗಳ ಎರೆನೆಲವು ಬೇಸಿಗೆಯಲ್ಲಿ ಬಿರಿಯುವುದನ್ನು ನಮ್ಮ ಭಾಗದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ತೇವವಾರಿದ ಮಣ್ಣು ಸಂಕೋಚ ಹೊಂದುತ್ತದೆ. ಬಿರುಕುಗಳು ಒಂದನ್ನೊಂದು ಕೂಡಿ ಹೊಲವೆಲ್ಲ ಬಹುಕೋನಗಳಾಗಿ ಒಡೆಯುತ್ತದೆ. ಕುದಿಯುವ ಶಿಲಾರಸವು ಆರುವಾಗಲೂ ಹೀಗೆಯೇ ಆಗುತ್ತದೆ. ಮೇಲ್ಮೈಯಲ್ಲಿ ಹುಟ್ಟಿದ ಬಿರುಕುಗಳು ಕ್ರಮವಾಗಿ ಒಳಕ್ಕಿಳಿದು, ಐದಾರು ಮುಖಗಳ ಕಂಬಗಳನ್ನು ಕಡೆದಿಡುತ್ತವೆ. ಉಡುಪಿ ಜಿಲ್ಲೆಯ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಇಂಥ ಶಿಲಾಸ್ತಂಭಗಳ ಸಾಲುಗಳೇ ನಿಂತಿವೆ.

ನಿರ್ಜನವಾದ ಈ ಪುಟ್ಟ ದ್ವೀಪಗಳ ಶಿಲೆಗೆ ಸುಮಾರು 8.5ರಿಂದ 9 ಕೋಟಿ ವರ್ಷಗಳ ವಯಸ್ಸು. ಮಡಗಾಸ್ಕರವು ಭಾರತದಿಂದ ಬೇರ್ಪಟ್ಟ ಕಾಲದ ಅಗ್ನಿಕಾರ್ಯಕ್ಕೆ ಇವು ಸಾಕ್ಷಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಮನ್ನಿಸಿರುವುದು ಉಚಿತವೇ ಆಗಿದೆ. ಆದರೆ ಶಿಲೆಗೆ ಸಂದ ಬಿರುದು ಅದಕ್ಕೆ ಅಂಟಿ ಬಾಳುವ ಜೀವಿಗಳನ್ನು ತಾನಾಗಿ ಕಾಯಲಾರದು. ಉಬ್ಬರ-ಇಳಿತಗಳ ನಡುವಣ ಬಂಡೆಗಳಲ್ಲಿ ಪಾಚಿ, ಚಿಪ್ಪುಜೀವಿ, ಏಡಿಗಳದೊಂದು ಸಂಸಾರವೇ ಇದೆ. ಪ್ರವಾಸಿಗರ ಕಾಲ್ತುಳಿತವೂ ಅವರು ಎಸೆದ ಸೀಸೆ, ಪ್ಲಾಸ್ಟಿಕ್ ಚೀಲಗಳೂ ಈ ಸಂಸಾರವನ್ನು ಕೆಡಿಸುತ್ತವೆ.

ಐಸ್‌ಲೆಂಡಿನ ಬಳಿ 1963ರಲ್ಲಿ ಸಮುದ್ರದಿಂದೆದ್ದ ಸುರ್ಟ್ಸೇ ಎಂಬ ಜ್ವಾಲಾಮುಖಿ ದ್ವೀಪವನ್ನು ನೋಡಿರಿ. ಅಲ್ಲಿ ಅನುಮತಿ ಪಡೆದ ವಿಜ್ಞಾನಿಗಳಿಗೆ ಮಾತ್ರ ಪ್ರವೇಶ. ಬರಿಯ ಬಂಡೆಯ ಮೇಲೆ ಜೀವವು ನೆಲೆಯೂರುವ ಬಗೆಯನ್ನು ಲೋಕವು ಅಲ್ಲಿ ಕಲಿಯುತ್ತಿದೆ. ಸುತ್ತಲಿನ ಕಡಲಿಗೂ ರಕ್ಷಣೆ ದೊರೆತಿದೆ. 2008ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಮಲ್ಪೆಯಲ್ಲಿ ಅಷ್ಟು ಕಟ್ಟುನಿಟ್ಟು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಮೀನುಗಾರರ ಮತ್ತು ದೋಣಿಯವರ ಅನ್ನಕ್ಕೆ ಕಲ್ಲು ಹಾಕುವ ರಕ್ಷಣೆಯು ಬಹುಕಾಲ ಬಾಳದು. ಆದುದರಿಂದ ಪ್ರವಾಸಿಗರಿಗೆ ಒಂದು ದ್ವೀಪವನ್ನು ಮಾತ್ರ ತೆರೆದು, ಉಳಿದವನ್ನೂ ಅವುಗಳ ಅಂಚಿನ ನೀರನ್ನೂ ಮೀನುಗಾರರ ಸಮ್ಮತಿಯಿಂದ ಮೀಸಲಿಡಬೇಕೆಂಬುದು ನಮ್ಮ ಅಭಿಪ್ರಾಯ. ಕಾವಲಿನ ಕೆಲಸವೂ ಅವರಿಗೇ ದೊರೆಯಲಿ. ಕಡಲನ್ನು ಅವರಿಗಿಂತ ಬಲ್ಲವರು ಯಾರು?

ಬಯಲುಸೀಮೆಯವರಿಗೆ ಇದರ ಗೊಡವೆಯೇಕೆ ಎಂದು ಕೆಲವರು ಕೇಳಬಹುದು. ಕಲಘಟಗಿಯ ಸೀಮೆಯಲ್ಲಿ ಹರಿಯುವ ಬೇಡ್ತಿಯು ಘಟ್ಟವಿಳಿದು, ಗಂಗಾವಳಿ ಎನ್ನಿಸಿಕೊಂಡು, ಇದೇ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನಮ್ಮ ಹಳ್ಳಕ್ಕೆ ಬಿದ್ದ ಕಸವೂ ಆ ದಾರಿಯನ್ನೇ ಹಿಡಿಯುತ್ತದೆ. ಕಡಲು ಕಣ್ಣಿಗೆ ದೂರವಿದ್ದರೂ ಅದರ ಹೊಣೆಯು ನಮಗೆ ದೂರವಿಲ್ಲ.