ಒಂದು ಗುಲಾಬಿಗೆ ಎಷ್ಟು ಪುಣ್ಯ?

‘ದಿ ಗುಡ್ ಪ್ಲೇಸ್’ನ ಮೂರನೇ ಸೀಸನ್ ಸಪ್ಪೆ ಅನ್ನೋರ ಮಾತನ್ನ ನಾವು ಪೂರ್ತಿ ತಳ್ಳಿಹಾಕಲ್ಲ. ಸತ್ತಮೇಲಿನ ಲೋಕದ ಕಾಮಿಡಿಯನ್ನ ಕಿತ್ತು ತಂದು ಆಸ್ಟ್ರೇಲಿಯಾದ ಯೂನಿವರ್ಸಿಟಿಯಲ್ಲಿ ಕೂರಿಸಿದ್ರೆ ಮಜಾ ಎಲ್ಲಿಂದ ಬರ್ಬೇಕು? ಎಲಿನಾರ್, ಚಿಡಿ, ತಹಾನಿ, ಜೇಸನ್ ಒಂದು ಪ್ಲಾನ್ ಹಾಕ್ತಾರೆ, ಬಿಡ್ತಾರೆ, ಇನ್ನೊಂದು ಹಾಕ್ತಾರೆ. ಆಸ್ಟ್ರೇಲಿಯಾ ಜೋಕುಗಳಂತೂ ಬೇಗ ಹಳಸಿದ್ವು.

ಆದ್ರೆ ಅರ್ಧಕ್ಕೇ ಬಿಟ್ಟವರು ಹತ್ತನೇ ಎಪಿಸೋಡ್ ನೋಡ್ಲೇಬೇಕು. ಜಾನೆಟ್‌ಳ ಶೂನ್ಯದೊಳಗೆ ನಾಲ್ವರಿಗೂ ಅವಳದೇ ರೂಪ. ಡಾರ್ಸಿ ಕಾರ್ಡನ್ ಒಬ್ಬಳೇ ಎಲ್ಲರ ಪಾತ್ರ ಮಾಡ್ತಾಳೆ. ನಿಲ್ಲೋ ರೀತಿಯಲ್ಲೇ ಇವನು ಜೇಸನ್ ಅಂತ ಗೊತ್ತಾಗತ್ತೆ. ಅತ್ತ ಪಾಪಪುಣ್ಯದ ಲೆಕ್ಕ ಬರೆಯೋ ಆಫೀಸಿಗೆ (ಚಿತ್ರಗುಪ್ತನ ಹೆಡ್ಡಾಫೀಸ್ ಅನ್ನಿ) ಹೋದ ಮೈಕಲ್‌ಗೆ ತಿಳಿಯತ್ತೆ: 521 ವರ್ಷದಿಂದ ಒಬ್ಬರೂ ಸ್ವರ್ಗ ಸೇರಿಲ್ಲ!

ಕಾರಣ ಮುಂದಿನ ಎಪಿಸೋಡಲ್ಲಿದೆ. 1534ರಲ್ಲಿ ಅಜ್ಜಿಗೆ ಗುಲಾಬಿ ಕೊಟ್ಟವನಿಗೆ 145 ಪಾಯಿಂಟ್. 2009ರಲ್ಲಿ ಅದನ್ನೇ ಮಾಡಿದವನಿಗೆ ಮೈನಸ್ 4. ಆರ್ಡರ್ ಮಾಡಿದ ಫೋನು ಕಾರ್ಮಿಕರನ್ನ ಹಿಂಡೋ ಕಾರ್ಖಾನೆಯದು, ಹೂವಿಗೆ ಹೊಡೆದದ್ದು ವಿಷ, ಬಂದದ್ದು ಸಾವಿರಾರು ಮೈಲಿಯಿಂದ. ಎಲ್ಲ ಅವನ ಖಾತೆಗೇ.

ಆಕ್ಟಿವಿಟಿ ಪಾಯಿಂಟಿಗೆ ಸಸಿ ನೆಡೋ ನಮಗೆ ನಗು ಬಂತು, ಆಮೇಲೆ ನಿಂತೂ ಹೋಯ್ತು. ಹೂ ಕೊಂಡವನಿಗೇ ಮೈನಸ್ ಅಂದ್ರೆ, ನಾಳೆ ಆ ಫೋನು, ಆ ಆ್ಯಪ್ ಕಟ್ಟೋ ನಮ್ಮ ಖಾತೆಗೆ ಎಷ್ಟು? ಇಂಥ ಪ್ರಶ್ನೆ ಎತ್ತಿ, ತಕ್ಷಣ ಹೊಸ ಪ್ರಯೋಗದ ಕಡೆ ಓಡಿದ್ದೇ ನಮ್ಮ ತಕರಾರು. ಭೂಮಿ ಮೇಲೆ ಕಳೆದ ಎಪಿಸೋಡುಗಳಲ್ಲಿ ಎರಡನ್ನಾದ್ರೂ ಇದಕ್ಕೆ ಕೊಡಬಹುದಿತ್ತು.